ಪ್ಯಾಕ್‌ಮನ್ ದೆವ್ವಗಳಿಗಿದ್ದ ಬುದ್ಧಿ ನನ್ನ ತಾಂಡೇಲನಿಗೆ ಯಾಕೆ ಬರಲಿಲ್ಲ?

ಬೈತಖೋಲ್ ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಎರಡು ವರ್ಷದಿಂದ ಬಿಡುವಾದಾಗಲೆಲ್ಲ ಒಂದು ಸಣ್ಣ ವಿಡಿಯೋ ಗೇಮ್ ಕಟ್ಟುತ್ತಿದ್ದೇನೆ. ಗೇಮ್ ಕಟ್ಟುವ ಗೊಡೋ ಎಂಬ ತಂತ್ರಾಂಶ ಬಳಸುತ್ತೇನೆ, ಅದು ಉಚಿತ. ಆಟ ಇಷ್ಟೇ: ದಂಡೆಯ ಮೇಲೆ ರಂಪಣಿ ಎಂಬ ದೊಡ್ಡ ಬಲೆ ಎಳೆಯುವುದು. ದೋಣಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತದೆ, ಎರಡೂ ತುದಿಯ ಹಗ್ಗ ದಂಡೆಗೆ ಬರುತ್ತದೆ, ಆಮೇಲೆ ಊರಿಗೆ ಊರೇ ನಿಂತು ಎಳೆಯುತ್ತದೆ. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುಗಟ್ಟಿ ಹಿಡಿಯುವ ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಗಳು ಕಡಿಮೆಯಾಗುತ್ತ ಹೋದವು. ನನ್ನ ಅಜ್ಜ ಎಳೆದವರು. ನಾನು ಚಿಕ್ಕವನಿದ್ದಾಗ ಹಗ್ಗದ ತುದಿ ಹಿಡಿದು ನಿಂತದ್ದಷ್ಟೇ.

ಆಟದಲ್ಲಿ ಇಪ್ಪತ್ನಾಲ್ಕು ಜನ ಹಗ್ಗ ಹಿಡಿಯುತ್ತಾರೆ. ಅವರಿಗೆ ನಾನು ಬರೆದದ್ದು ಮೂರೇ ನಿಯಮ. ಪಕ್ಕದವನು ಎಳೆದರೆ ನೀನೂ ಎಳೆ. ಅಲೆ ಹಿಂದೆ ಸರಿಯುವಾಗ ಬಿಗಿ ಹಿಡಿದು ನಿಲ್ಲು, ಬರುವಾಗ ಎಳೆ. ಸಾಲಿನ ಕೊನೆಗೆ ಬಂದೆಯಾದರೆ ಹಗ್ಗ ಬಿಟ್ಟು ಮತ್ತೆ ನೀರಂಚಿಗೆ ಹೋಗಿ ಹಿಡಿ. ಇಷ್ಟನ್ನೇ ಬರೆದು ಓಡಿಸಿದ ರಾತ್ರಿ ನನ್ನ ಕಣ್ಣಲ್ಲಿ ನೀರು ಬಂತು. ಯಾರೋ ಒಬ್ಬ ತಡವಾಗಿ ಎಳೆಯುತ್ತಾನೆ, ಅವನ ಹಿಂದಿನವನು ಮುಗ್ಗರಿಸುತ್ತಾನೆ, ಮತ್ತೆ ಎಲ್ಲರೂ ಒಂದೇ ತಾಳಕ್ಕೆ ಬರುತ್ತಾರೆ. ಅದನ್ನು ನಾನು ಬರೆದಿರಲೇ ಇಲ್ಲ!

ಕಳೆದ ತಿಂಗಳು ಬೆಂಗಳೂರಿನ ಗೆಳೆಯನೊಬ್ಬ ನೋಡಿ, "ಈ ಕಾಲದಲ್ಲಿ ಯಾರೋ ಹೀಗೆ ಕೈಯಲ್ಲಿ ನಿಯಮ ಬರೀತಾರೆ? ತಾಂಡೇಲನಿಗೆ ಎಐ ಹಾಕು, ಅವನೇ ಮಾತಾಡ್ತಾನೆ" ಅಂದ. ಘಟ್ಟದ ಮೇಲಿನವರಿಗೆ ಹೇಳುತ್ತೇನೆ, ತಾಂಡೇಲ ಅಂದರೆ ದೋಣಿಯ ಮುಖ್ಯಸ್ಥ, ಬಲೆ ಯಾವಾಗ ಬಿಡಬೇಕು ಎನ್ನುವ ಮಾತು ಅವನದೇ.

ಹಾಕಿದೆ. ಮೊದಲ ಮಾತೇ "ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?" ಎಂದು ಬಂತು. ಸೂಚನೆ ತಿದ್ದಿದೆ. ಎಪ್ಪತ್ತು ವರ್ಷದ ಮೀನುಗಾರ, ಕಾರವಾರದವ, ಸಿಡುಕ ಎಂದೆಲ್ಲ ಬರೆದೆ. ಆಗ ಪತ್ರಿಕೆಯ ಸಂಪಾದಕೀಯದ ಕನ್ನಡದಲ್ಲಿ ಸಿಡುಕಿದ. ನಮ್ಮ ದಂಡೆಯ ತಾಂಡೇಲ ಆಡುವುದು ಕೊಂಕಣಿ. ಹೊರಗಿನವರ ಹತ್ತಿರ ಕನ್ನಡ ಆಡಿದರೂ ಅದರಲ್ಲಿ ಕೊಂಕಣಿಯ ರಾಗ ಇರುತ್ತದೆ. ಅದನ್ನು ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಮೀನಿನ ಹಿಂಡು ಇನ್ನೂ ದೂರ ಇದೆ, ನೀರಿನ ಬಣ್ಣ ತಿರುಗಿಲ್ಲ, ಆಗ ನಾನು "ಈಗಲೇ ಬಲೆ ಬಿಡೋಣ" ಎಂದು ಟೈಪ್ ಮಾಡಿದೆ. "ಒಳ್ಳೆಯ ಯೋಚನೆ, ಬಿಡೋಣ" ಅಂದ. ಅಜ್ಜನ ಕಾಲದ ತಾಂಡೇಲನಿಗೆ ಹಾಗೆ ಹೇಳಿದವನನ್ನು ಹಗ್ಗದ ಹತ್ತಿರವೇ ಸೇರಿಸುತ್ತಿರಲಿಲ್ಲ.

1980ರಲ್ಲಿ ನಾಮ್ಕೊ ಕಂಪನಿಗೆ ತೊರು ಇವಾತಾನಿ ಮಾಡಿಕೊಟ್ಟ ಪ್ಯಾಕ್‌ಮನ್ ನೆನಪು ಮಾಡಿಕೊಳ್ಳಿ, ಚಕ್ರವ್ಯೂಹದಂಥ ದಾರಿಯಲ್ಲಿ ದೆವ್ವಗಳಿಂದ ತಪ್ಪಿಸಿಕೊಂಡು ಚುಕ್ಕಿ ತಿನ್ನುವ ಆಟ. ಕೆಂಪು ದೆವ್ವ ನೀವಿರುವ ಚೌಕಕ್ಕೇ ನೇರ ಬರುತ್ತದೆ. ಗುಲಾಬಿ ದೆವ್ವ ನಿಮಗಿಂತ ನಾಲ್ಕು ಚೌಕ ಮುಂದೆ ಗುರಿ ಇಡುತ್ತದೆ, ಬೇಕೆಂದೇ ಅಡ್ಡ ಹಾಕಿದ ಹಾಗೆ ಕಾಣುತ್ತದೆ. ಕಿತ್ತಳೆ ಬಣ್ಣದ್ದು ದೂರದಿಂದ ಅಟ್ಟಿಸಿಕೊಂಡು ಬಂದು, ಎಂಟು ಚೌಕದೊಳಗೆ ಬಂದೊಡನೆ ತನ್ನ ಮೂಲೆಗೆ ತಿರುಗುತ್ತದೆ. ಒಂದೊಂದು ಸಾಲಿನ ನಿಯಮ. ಆದರೂ ಆಡುವವರಿಗೆ ಒಂದು ಹಟಮಾರಿ, ಒಂದು ಕುತಂತ್ರಿ, ಒಂದು ಪುಕ್ಕಲು. ಆ ಸ್ವಭಾವವನ್ನು ಒಬ್ಬ ಮನುಷ್ಯ ಕೂತು ಯೋಚಿಸಿ ಇಟ್ಟಿದ್ದ.

ಈಗ ಬರುವ ಜಾಹೀರಾತುಗಳಲ್ಲಿ "ಇನ್ನು ಗೇಮಿನ ಪಾತ್ರಗಳಿಗೆ ಜೀವ ಬಂತು" ಎಂದು ಓದಿದಾಗ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಆಟಗಳಲ್ಲಿ ಜೀವ ಮೊದಲೇ ಇತ್ತು. ನಿಮಗೇನು ಅನಿಸುತ್ತದೆ?

ರ‍್ಯಾಂಕ್ ಪುಶ್ (ಶಿರಸಿ)

ಅಣ್ಣಾ, ನಿಮ್ಮ ತಾಂಡೇಲ ಸರಿ ಬರಲಿಲ್ಲ ಅಂತ ಇಡೀ ಎಐ ದಂಡ ಅನ್ನೋದು ನ್ಯಾಯ ಅಲ್ಲ. 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಎಂಬ ಎಐ, ಗೋ ಎಂಬ ಮಣೆಯಾಟದ ದೊಡ್ಡ ಆಟಗಾರ ಲೀ ಸೆಡೋಲ್‌ನನ್ನು 4-1ರಲ್ಲಿ ಸೋಲಿಸಿತು. 2019ರ ಏಪ್ರಿಲ್‌ನಲ್ಲಿ ಓಪನ್‌ಎಐ ಫೈವ್ ಎಂಬ ಎಐ, ಐದೈದು ಜನ ಎದುರುಬದುರು ಆಡುವ ಡೋಟಾ 2 ಗೇಮಿನ ಅಂದಿನ ವಿಶ್ವ ಚಾಂಪಿಯನ್ ಓಜಿ ತಂಡವನ್ನು ಎರಡಕ್ಕೆ ಎರಡೂ ಆಟ ಸೋಲಿಸಿತು. ಅದನ್ನೂ ಅಬ್ಬರ ಅಂತೀರಾ? ನಾನು ಆ ಮ್ಯಾಚ್‌ಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಐದು ಬಾಟ್‌ಗಳು ಒಬ್ಬರಿಗೊಬ್ಬರು ಮಾತಾಡದೇ ಹಾಗೆ ಸೇರಿ ಆಡುವುದು ನೋಡಿದರೆ ಮೈ ಜುಮ್ ಅನ್ನುತ್ತದೆ.

ಮತ್ತೆ 2025ರ ಆಗಸ್ಟ್‌ನಲ್ಲಿ ಗೂಗಲ್ ತೋರಿಸಿದ ಜೀನಿ 3 ಎಂಬ ಎಐ ನೋಡಿ. ಒಂದು ಸಾಲು ಬರೆದರೆ ಓಡಾಡಬಹುದಾದ ಜಗತ್ತೇ ಎದುರಿಗೆ ಬರುತ್ತದೆ, ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ. ನೀವು ಎರಡು ವರ್ಷದಲ್ಲಿ ಕಟ್ಟಿದ ದಂಡೆ ಎರಡು ಕ್ಷಣದಲ್ಲಿ ಬರುವ ಕಾಲ ದೂರ ಇಲ್ಲ.

ಘಟ್ಟದ ಮೇಲೆ (ಶಿರಸಿ)

ತಮಾ, ಸ್ವಲ್ಪ ನಿಧಾನ. ಓಪನ್‌ಎಐ ಫೈವ್ ಗೆದ್ದದ್ದು ಹೌದು, ದೊಡ್ಡ ಕೆಲಸವೇ. ಆದರೆ ಅದು ಆಡಿದ್ದು ಆ ಗೇಮಿನ ನೂರಕ್ಕೂ ಹೆಚ್ಚು ಹೀರೋಗಳಲ್ಲಿ, ಅಂದರೆ ಆರಿಸಿಕೊಳ್ಳುವ ಪಾತ್ರಗಳಲ್ಲಿ, ಬರೀ 17 ಹೀರೋ ಇಟ್ಟುಕೊಂಡು. ಕಲಿಯಲಿಕ್ಕೆ ಹತ್ತು ತಿಂಗಳಲ್ಲಿ 45,000 ವರ್ಷಗಳಷ್ಟು ಆಟ ತನ್ನೊಡನೆ ತಾನೇ ಆಡಿಕೊಂಡಿತ್ತು ಎಂದು ಅವರೇ ಹೇಳಿದ್ದಾರೆ. ಅಷ್ಟು ಯಂತ್ರ, ಅಷ್ಟು ಕರೆಂಟು ಸುರಿದು ಗೆಲ್ಲಲಿಕ್ಕೆ ಕಲಿಸಿದರು. ಗೇಮಿನಲ್ಲಿ ಎದುರಾಳಿ ಬೇಕಾದದ್ದು ಗೆಲ್ಲಲಿಕ್ಕೆ ಅಲ್ಲ. ನನ್ನ ಜೊತೆ ಆಡಲಿಕ್ಕೆ. ನಾನು ಇನ್ನೇನು ಸೋತೆ ಅನ್ನುವಾಗ ಒಂದು ಸಂದಿ ಬಿಟ್ಟುಕೊಡುವವ ಬೇಕು.

ನನ್ನದು ತೋಟದ ಕೆಲಸ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಾಗದ ಹೊದಿಕೆ) ಕಟ್ಟಿಸಿ, ಔಷಧಿ ಹೊಡೆಸಿ ಮುಗಿಸಿದ ಮೇಲೆ ರಾತ್ರಿ ಏಜ್ ಆಫ್ ಎಂಪೈರ್ಸ್ 2 ಎಂಬ ಊರು ಕಟ್ಟಿ ಯುದ್ಧ ಮಾಡುವ ಗೇಮ್ ಹಾಕುವುದು ಇಪ್ಪತ್ತು ವರ್ಷದ ಅಭ್ಯಾಸ. ಆ ಆಟ 1999ರದ್ದು. ಆಗಿನ ಕಂಪ್ಯೂಟರ್ ಎದುರಾಳಿಗೆ ಅತಿ ಕಷ್ಟದ ಹಂತದಲ್ಲಿ ಗುಟ್ಟಾಗಿ ಹೆಚ್ಚುವರಿ ಸಂಪನ್ಮೂಲ ಕೊಡುತ್ತಿದ್ದರು. ನನಗೆ ಅದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಗೊತ್ತಾದಾಗ ತುಂಬ ಬೇಜಾರಾಯಿತು. 2019ರಲ್ಲಿ ಹೊಸ ಆವೃತ್ತಿ ಬಂದಾಗ ಎದುರಾಳಿಯನ್ನು ಹೊಸದಾಗಿ ಬರೆದರು, ಅದು ಮೋಸವಿಲ್ಲದೇ ಆಡುತ್ತದೆ. ಆಹಾರಕ್ಕೆ ಕುರಿ ಹುಡುಕುವುದರಿಂದ ಹಿಡಿದು ಎಲ್ಲ ನನ್ನ ಹಾಗೆಯೇ ಮಾಡಬೇಕು ಅದು. ಇಂಥ ಸುಧಾರಣೆಗೆ ನಾನು ಕೈ ಮುಗಿಯುತ್ತೇನೆ. ಅದರ ಬಗ್ಗೆ ಯಾರೂ ವೇದಿಕೆ ಹತ್ತಿ ಭಾಷಣ ಮಾಡಲಿಲ್ಲ.

ಇನ್ನೊಂದು ಮಾತು. ಈ ಮಾತಾಡುವ ಪಾತ್ರಗಳ ಪೈಕಿ ಹೆಚ್ಚಿನವಕ್ಕೆ ತಲೆ ಇರುವುದು ದೂರದ ಸರ್ವರ್‌ನಲ್ಲಿ. ನಮ್ಮಲ್ಲಿ ಆಷಾಢದ ಗಾಳಿಗೆ ಕೇಬಲ್ ಮೇಲೆ ಒಂದು ಮರ ಬಿತ್ತು ಅಂದರೆ ಮೂರು ದಿನ ನೆಟ್ ಇಲ್ಲ. ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ನಡೆಯುತ್ತದೆ, ಏಜ್ ಆಫ್ ಎಂಪೈರ್ಸ್‌ನ ಎದುರಾಳಿಯೂ ನಡೆಯುತ್ತಾನೆ, ಏಕೆಂದರೆ ಅವನು ನನ್ನ ಮನೆಯ ಡಿಸ್ಕಿನಲ್ಲೇ ಇದ್ದಾನೆ. ಸರ್ವರ್‌ನಲ್ಲಿರುವ ತಾಂಡೇಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ ಸೀಮೆಗೆ ಬರುವುದು ಅನುಮಾನ.

ಬೈತಖೋಲ್ ದಂಡೆ

ಘಟ್ಟದ ಮೇಲಿನವರೇ, ಸರ್ವರ್ ವಿಷಯ ನನಗೆ ಹೊಳೆದಿರಲೇ ಇಲ್ಲ. ದೊಡ್ಡ ಉಪಕಾರ.

ಪುಶ್ ತಮ್ಮಾ, ಜೀನಿ ನಾನೂ ನೋಡಿದೆ, ಬೆರಗಾದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಒಂದು ಜಗತ್ತನ್ನು ಹಿಡಿದಿಡುವುದು ಕೆಲವೇ ನಿಮಿಷ. 2024ರ ಕೊನೆಗೆ ಚೌಕ ಚೌಕ ಇಟ್ಟಿಗೆ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಗೇಮಿನ ಹಾಗೆ ಕಾಣುವ ಓಯಸಿಸ್ ಎಂಬ ಎಐ ಆಟ ಬಂದಿತ್ತು, ಆಡಿ ನೋಡಿದ್ದೀಯಾ? ಎದುರಿಗೆ ಗುಡ್ಡ ಇರುತ್ತದೆ. ಹಿಂದೆ ತಿರುಗಿ ಮತ್ತೆ ಮುಂದೆ ನೋಡಿದರೆ ಗುಡ್ಡ ಇಲ್ಲ, ನೀರು. ನಾನು ಒಂದು ಮನೆ ಕಟ್ಟಿ ಬೆನ್ನು ತಿರುಗಿಸಿದೆ, ಹೋಯಿತು. ಸದಾಶಿವಗಡದ ಗುಡ್ಡ ಕಾಳಿ ನದಿಯ ಆಚೆ ದಡದಲ್ಲೇ ಇರುತ್ತದೆ ಎಂಬ ನಂಬಿಕೆ ಇದ್ದದ್ದರಿಂದಲೇ ಅಲ್ಲವೇ ನಮ್ಮವರು ಅದನ್ನು ನೋಡಿಕೊಂಡು ದೋಣಿ ತಿರುಗಿಸುವುದು? ಆಟದಲ್ಲೂ ಅಷ್ಟು ನಂಬಿಕೆ ಬೇಕು.

ಶರಾವತಿ ದಡ (ಹೊನ್ನಾವರ)

ನಾನು ಗೇಮ್ ಆಡುವವನಲ್ಲ. ಮಗ ಈ ಚರ್ಚೆ ತೋರಿಸಿದ, ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಸೀಮೆ ನಮ್ಮದು. ವೇಷವಿಲ್ಲದೇ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ ನಾನೂ ಸಣ್ಣಪುಟ್ಟ ಅರ್ಥ (ಪಾತ್ರದ ಮಾತು) ಹೇಳಿದವ. ತಾಂಡೇಲ "ಒಳ್ಳೆಯ ಯೋಚನೆ" ಎಂದ ಅಂತ ನೀವು ಬರೆದದ್ದು ಓದಿ ನನಗೆ ನಮ್ಮ ಕೂಟದ್ದೇ ನೆನಪಾಯಿತು.

ಅರ್ಥಗಾರಿಕೆಗೆ ಬರೆದಿಟ್ಟ ಮಾತಿಲ್ಲ. ಪದ್ಯ ಮಾತ್ರ ಪ್ರಸಂಗದಲ್ಲಿದೆ, ಮಾತು ಅಲ್ಲಲ್ಲೇ ಹುಟ್ಟಬೇಕು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು. ಒಳ್ಳೆಯ ವಾಲಿ ಸಿಕ್ಕಿದರೆ ಒಂದು ತಾಸು ಕೇಳುತ್ತಾನೆ, ಸಭೆ ಅವನ ಕಡೆಗೇ ವಾಲುತ್ತದೆ. ಎದುರು ಕೂತ ರಾಮ ಆಗ "ನೀನು ಹೇಳಿದ್ದು ಸರಿ, ಕ್ಷಮಿಸು" ಎಂದುಬಿಟ್ಟರೆ ಪ್ರಸಂಗ ಅಲ್ಲಿಗೇ ಸತ್ತಿತು. ರಾಮ ಬಿಟ್ಟುಕೊಡಬಾರದು. ವಾಲಿ ಎಷ್ಟೇ ಗೆದ್ದರೂ ಕೊನೆಗೆ ಪ್ರಾಣ ಬಿಡಲೇಬೇಕು. ನಾನು ಒಮ್ಮೆ ಸುಗ್ರೀವನಾಗಿದ್ದಾಗ ಎದುರಿನ ಹಿರಿಯರು ಏನು ಹೇಳಿದರೂ ಹೌದು ಹೌದು ಎಂದೆ. ಮುಗಿದ ಮೇಲೆ ಅವರು ನನ್ನನ್ನು ಕರೆದು ಕೂರಿಸಿಕೊಂಡು, "ತಮಾ, ನೀನು ಎದುರು ಆಡದಿದ್ದರೆ ನಾನು ಎಲ್ಲಿ ಕಾಲಿಡಲಿ?" ಎಂದರು. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಅಂದರೆ, ಮಾತು ಆಶುವಾಗಿ ಬರುವುದು ತಪ್ಪಲ್ಲ, ನಾವು ಅದರಲ್ಲೇ ಬದುಕಿದವರು. ಆದರೆ ಪಾತ್ರಕ್ಕೆ ಏನು ಬೇಕು, ಅದು ಯಾವುದಕ್ಕೆ ಜಗ್ಗುವುದಿಲ್ಲ ಎಂಬುದು ಗಟ್ಟಿಯಾಗಿರಬೇಕು. ನಿಮ್ಮ ಯಂತ್ರಕ್ಕೆ ಮಾತು ಇದೆ, ಪ್ರಸಂಗ ಇಲ್ಲ.

ಮಗ ಇನ್ನೊಂದು ಹೇಳಿದ. 2008ರ ಲೆಫ್ಟ್ ಫೋರ್ ಡೆಡ್ ಎಂಬ ಆಟದಲ್ಲಿ ಡೈರೆಕ್ಟರ್ ಅಂತ ಒಂದು ಎಐ ಇದೆಯಂತೆ, ಆಡುವವರು ಎಷ್ಟು ದಣಿದಿದ್ದಾರೆ, ಎಷ್ಟು ಒತ್ತಡದಲ್ಲಿದ್ದಾರೆ ನೋಡಿ ಶತ್ರುಗಳನ್ನು ಬಿಡುವುದು, ನಡುವೆ ಉಸಿರಾಡಲು ಬಿಡುವು ಕೊಡುವುದು. ಅದನ್ನು ನಾವು ಭಾಗವತ ಎನ್ನುತ್ತೇವೆ, ಹಾಡುತ್ತ ಆಟ ನಡೆಸುವವರು. ಕುಣಿಯುವವನ ಕಾಲು ಸೋತಿತು ಎಂದು ಕಂಡರೆ ಲಯ ಇಳಿಸುತ್ತಾರೆ. ಇಂಥ ಕೆಲಸಕ್ಕೆ ಯಂತ್ರ ಬಳಸಿದರೆ ನನ್ನ ತಕರಾರಿಲ್ಲ.

ಚಿಪ್ಪು ರಿಪೇರಿ (ಕಾರವಾರ)

ನಾನು ಅಂಗಡಿಯ ಕಡೆಯಿಂದ ಹೇಳುತ್ತೇನೆ. ಈ ಅಬ್ಬರಕ್ಕೆ ದುಡ್ಡು ಕೊಡುತ್ತಿರುವುದು ಗೇಮ್ ಆಡುವ ಹುಡುಗರು.

ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೆಳೆದದ್ದೇ ಗೇಮಿನಿಂದ. 2012ರಲ್ಲಿ ಚಿತ್ರ ಗುರುತಿಸುವ ಅಲೆಕ್ಸ್‌ನೆಟ್ ಎಂಬ ಎಐ ಜಾಲವನ್ನು ತರಬೇತು ಮಾಡಿದ್ದು ಎರಡು ಜಿಟಿಎಕ್ಸ್ 580 ಕಾರ್ಡ್‌ಗಳ ಮೇಲೆ, ಒಂದೊಂದರಲ್ಲಿ 3 ಜಿಬಿ ಮೆಮೊರಿ. ಅಂಗಡಿಯಲ್ಲಿ ಯಾರು ಬೇಕಾದರೂ ಗೇಮಿಗೆ ಕೊಳ್ಳುತ್ತಿದ್ದ ಕಾರ್ಡ್ ಅದು. ಈಗಿನ ಎಐ ಓಟ ಶುರುವಾದದ್ದು ಅಲ್ಲಿಂದ. ಈಗ ನೋಡಿ, 2025ರ ಕೊನೆಗೆ ರ‍್ಯಾಮ್ ದರ ಏರಿದ್ದು ಏರಿದ್ದೇ, ಏಕೆಂದರೆ ಮೆಮೊರಿ ಮಾಡುವವರೆಲ್ಲ ಎಐ ಡೇಟಾ ಸೆಂಟರ್‌ಗಳ ಕಡೆ ಮುಖ ಮಾಡಿದರು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುವ ಕ್ರೂಶಿಯಲ್ ಎಂಬ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ನಾನು ವರ್ಷಗಟ್ಟಲೆ ಹಾಕಿಕೊಟ್ಟ ರ‍್ಯಾಮ್ ಅದು.

ಮೊನ್ನೆ ಮೀನು ಮಾರುವ ಹೆಂಗಸೊಬ್ಬರು ಮಗನ ಪಿಸಿಗೆ 16 ಜಿಬಿ ಹಾಕಿಸಲು ದುಡ್ಡು ಕೂಡಿಸಿಕೊಂಡು ಬಂದಿದ್ದರು. ದರ ಹೇಳಲು ನನಗೇ ಬಾಯಿ ಬರಲಿಲ್ಲ. ಹಳೆಯ 8 ಜಿಬಿಯನ್ನೇ ಒರೆಸಿ ಹಾಕಿ, ಗೇಮಿನ ಸೆಟ್ಟಿಂಗ್ ಇಳಿಸಿ ಕೊಟ್ಟೆ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕಡಿಮೆ ರೆಸಲ್ಯೂಷನ್‌ನಲ್ಲಿ ಚಿತ್ರ ಮಾಡಿ ಎಐ ಬಳಸಿ ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್ ಎಂಬ ತಂತ್ರ 2018ರಲ್ಲಿ ಬಂತು. ಮೊದಮೊದಲು ಮಸುಕಾಗಿತ್ತು, ಈಗ ನಿಜಕ್ಕೂ ಚೆನ್ನಾಗಿದೆ. ಐದಾರು ವರ್ಷ ಹಳೆಯ ಕಾರ್ಡ್ ಇಟ್ಟುಕೊಂಡವರಿಗೆ ಇನ್ನೆರಡು ವರ್ಷ ನೂಕಲು ಅದು ಸಹಾಯ. ಆದರೆ ಎರಡು ನಿಜವಾದ ಫ್ರೇಮುಗಳ ನಡುವೆ ಮೂರು ಎಐ ಫ್ರೇಮ್ ತುರುಕಿ ಅದನ್ನೇ ವೇಗ ಎಂದು ಮಾರುವುದನ್ನು ನಾನು ಒಪ್ಪುವುದಿಲ್ಲ. ಗಿರಾಕಿ ಕೇಳಿದರೆ ಕೂರಿಸಿ ವಿವರಿಸುತ್ತೇನೆ: ಕಣ್ಣಿಗೆ ನುಣುಪಾಗಿ ಕಾಣುತ್ತದೆ, ನಿನ್ನ ಬೆರಳಿನ ಮಾತನ್ನು ಅದು ಬೇಗ ಕೇಳುವುದಿಲ್ಲ.

ರ‍್ಯಾಂಕ್ ಪುಶ್

ರಿಪೇರಿ ಅಣ್ಣಾ, ಕಡೆಯ ಮಾತು ನೂರಕ್ಕೆ ನೂರು. ಅದನ್ನು ಆನ್ ಮಾಡಿದರೆ ನನಗೆ ಗುರಿಯೇ ಸಿಗುವುದಿಲ್ಲ.

ಅಂಕೋಲೆ ಟೀಚರ್

ನನ್ನದೊಂದು ಅನುಭವ. ಹೋದ ವರ್ಷ ನಮ್ಮ ಶಾಲೆಗೆ ಒಬ್ಬರು ಬಂದು "ಎಐ ಗೇಮ್ ಮೂಲಕ ಗಣಿತ" ಎಂದು ಒಂದು ಆ್ಯಪ್ ತೋರಿಸಿದರು. ಪ್ರತಿ ಮಗುವಿನ ಬುದ್ಧಿಗೆ ತಕ್ಕ ಹಾಗೆ ಬದಲಾಗುತ್ತದೆ ಎಂದರು. ತಿಂಗಳು ಬಳಸಿದೆವು. ಒಳಗೆ ಇದ್ದದ್ದು ಮಗ್ಗಿಯ ಪ್ರಶ್ನೆ, ಮಾತಾಡುವ ಒಂದು ಗಿಳಿ. ಸರಿ ಉತ್ತರಕ್ಕೆ ಗಿಳಿ ಚಪ್ಪಾಳೆ ತಟ್ಟುತ್ತದೆ, ತಪ್ಪಿಗೆ ರೆಕ್ಕೆಯಿಂದ ಕಣ್ಣು ಮುಚ್ಚಿಕೊಂಡು ಅಳುತ್ತದೆ.

ಮೂರನೇ ತರಗತಿಯ ಮಕ್ಕಳು ಎರಡೇ ದಿನದಲ್ಲಿ ಒಂದು ಕಂಡುಹಿಡಿದರು. ಗಿಳಿ ಅಳುವುದು ಚಪ್ಪಾಳೆಗಿಂತ ಚೆಂದ. ಒಬ್ಬ ಹುಡುಗ ಏಳು ಎಂಟಲ ಐವತ್ತಾರು ಎಂದು ಬಾಯಲ್ಲಿ ಹೇಳಿಕೊಂಡು, ಬೆರಳಲ್ಲಿ ಐವತ್ನಾಲ್ಕು ಒತ್ತುವುದನ್ನು ನಾನು ಹಿಂದೆ ನಿಂತು ನೋಡಿದೆ. ಆ್ಯಪ್ ಅವನನ್ನು "ದುರ್ಬಲ" ಎಂದು ವರದಿ ಕೊಟ್ಟಿತು. ತರಗತಿಯಲ್ಲಿ ಮಗ್ಗಿ ಎಲ್ಲರಿಗಿಂತ ಚೆನ್ನಾಗಿ ಬರುವವನು ಅವನೇ. ಆ ವರದಿಯನ್ನು ನಾನು ತಾಯಿಗೆ ಕೊಡಲಿಲ್ಲ.

ಮಕ್ಕಳಿಗೆ ಆಟ ಯಾವುದು ಎಂದು ಚೆನ್ನಾಗಿ ಗೊತ್ತು. ಮಾರುವವರಿಗೆ ಅದು ಗೊತ್ತಿರಲಿಲ್ಲ ಎಂಬುದೇ ನನ್ನ ಸಂಕಟ.

ಕುಮಟೆಯಿಂದ ಬೆಂಗಳೂರಿಗೆ

ಹೆಸರು ಹೇಳಲಾರೆ, ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಗೇಮ್‌ಗಳಿಗೆ ಚಿತ್ರ ಮಾಡುತ್ತೇನೆ. ಮೊದಲು ಒಂದು ಪಾತ್ರ ಬಂದರೆ ನಾಲ್ಕು ದಿನ ನಮ್ಮದು. ಉಡುಪು ಹುಡುಕುವುದು, ಹಳೆಯ ಫೋಟೋ ನೋಡುವುದು, ಇಪ್ಪತ್ತು ಸ್ಕೆಚ್ ಹಾಕಿ ಹತ್ತೊಂಬತ್ತು ಎಸೆಯುವುದು. ಕಳೆದ ಒಂದು ವರ್ಷದಿಂದ ಎಐ ಮಾಡಿದ ಚಿತ್ರ ಕೈಗೆ ಕೊಟ್ಟು "ಸ್ವಲ್ಪ ಕ್ಲೀನ್ ಮಾಡಿ" ಎನ್ನುತ್ತಾರೆ. ಎಐ ತಪ್ಪಿ ಬಿಡಿಸಿದ ಆರನೇ ಬೆರಳು ಅಳಿಸುವ ಕೆಲಸ. ತಂಡದಲ್ಲಿ ಒಂಬತ್ತು ಜನ ಇದ್ದೆವು, ಈಗ ನಾಲ್ವರು.

ಒಂದು ಗೇಮಿಗೆ ಯಕ್ಷಗಾನದ ಬಡಗುತಿಟ್ಟಿನ (ನಮ್ಮ ಕಡೆಯ ಶೈಲಿಯ) ವೇಷ ಬೇಕಿತ್ತು. ಎಐ ಕೊಟ್ಟದ್ದರಲ್ಲಿ ಮುಖ ಕಥಕ್ಕಳಿಯ ಹಸಿರು, ಕಿರೀಟ ತೆಂಕುತಿಟ್ಟಿನ ಹಾಗೆ, ಕೈಯಲ್ಲಿ ಯಾವುದೋ ದೇಶದ ಕತ್ತಿ. ಕೇದಗೆ ಮುಂದಲೆ ಎಂದು ಬರೆದರೆ ತಲೆಯ ಮೇಲೆ ಹೂವಿನ ಗೊಂಚಲು ಇಟ್ಟಿತು. ನಾನು ಸೀಟಿನಿಂದ ಎದ್ದು ಹೋಗಿ, "ಕೇದಗೆ ಮುಂದಲೆ ಅಂದರೆ ಬಟ್ಟೆ ಸುತ್ತಿ ಸುತ್ತಿ ಕಟ್ಟುವ ಮುಂಡಾಸು, ನಾನು ಬಿಡಿಸಿಕೊಡುತ್ತೇನೆ" ಎಂದೆ. "ನೋಡುವವರಿಗೆ ಗೊತ್ತಾಗುವುದಿಲ್ಲ ಬಿಡಿ" ಎಂಬ ಉತ್ತರ ಬಂತು. ನಮ್ಮ ಅಪ್ಪನಿಗೆ ಗೊತ್ತಾಗುತ್ತದೆ. ಶರಾವತಿ ದಡದವರಿಗೆ ಗೊತ್ತಾಗುತ್ತದೆ.

ಧ್ವನಿ ಕಲಾವಿದರು ಇದಕ್ಕಾಗಿ ಬೀದಿಗಿಳಿದದ್ದು ನೆನಪಿರಲಿ. ಅಮೆರಿಕದ ಸ್ಯಾಗ್-ಆಫ್ಟ್ರಾ ಎಂಬ ನಟರ ಸಂಘದ ಗೇಮ್ ಕಲಾವಿದರು 2024ರ ಜುಲೈ 26ರಿಂದ ಮುಷ್ಕರ ಹೂಡಿದ್ದು ಮುಖ್ಯವಾಗಿ ತಮ್ಮ ಧ್ವನಿಯ ನಕಲನ್ನು ಕೇಳದೇ ಬಳಸಬಾರದು ಎಂದೇ. ಸುಮಾರು ಹನ್ನೊಂದು ತಿಂಗಳು ನಡೆಯಿತು. ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ 2024ರ ಜನವರಿಯಿಂದ ಎಐ ಬಳಸಿದ್ದನ್ನು ತಿಳಿಸಬೇಕು ಎಂಬ ನಿಯಮವಿದೆ. ಗೇಮ್ ಕೊಳ್ಳುವ ಮುಂಚೆ ಆ ಸಾಲನ್ನು ಓದಿ, ಅಷ್ಟು ಮಾಡಿದರೂ ನಮಗೆ ಬಲ.

ದಂಡೆಯವರೇ, ನಿಮ್ಮ ಇಪ್ಪತ್ನಾಲ್ಕು ಜನರ ಚಿತ್ರ ಯಾರು ಮಾಡುತ್ತಿದ್ದಾರೆ?

ಬೈತಖೋಲ್ ದಂಡೆ

ಎಲ್ಲರಿಗೂ ಉತ್ತರ ಬರೆಯಲು ಒಂದು ವಾರ ತಡವಾಯಿತು. ಕಾರಣ ಇದೆ.

ಶರಾವತಿ ದಡದವರ "ಮಾತು ಇದೆ, ಪ್ರಸಂಗ ಇಲ್ಲ" ಓದಿದ ರಾತ್ರಿಯೇ ಎಐ ತಾಂಡೇಲನನ್ನು ತೆಗೆದೆ. ಮರುದಿನ ನಮ್ಮ ಬೀದಿಯ ಇನ್ನೊಬ್ಬ ಅಜ್ಜನ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ರಂಪಣಿಯ ತಾಂಡೇಲರಾಗಿದ್ದವರು, ಈಗ ಕಣ್ಣು ಮಂಜು. ತಾಂಡೇಲ ಏನೇನು ಹೇಳಬೇಕು, ಒಂದು ಅರವತ್ತು ಮಾತು ಹೇಳಿಕೊಡಿ, ರೆಕಾರ್ಡ್ ಮಾಡುತ್ತೇನೆ ಎಂದೆ. ಅವರು ಪರದೆಗೆ ಮುಖ ಹತ್ತಿರ ಇಟ್ಟು ತುಂಬ ಹೊತ್ತು ನೋಡಿದರು. ಹಗ್ಗ ಎಳೆಯುವವರನ್ನು ಬೆರಳಲ್ಲಿ ಎಣಿಸಿದರು. ಆಮೇಲೆ ಕೊಂಕಣಿಯಲ್ಲಿ ಹೇಳಿದ್ದು ಇಷ್ಟು: ಇವನು ಇಷ್ಟು ಮಾತಾಡಿದರೆ ಮೀನು ಯಾರು ನೋಡುವುದು?

ತಾಂಡೇಲ ನೀರು ನೋಡುತ್ತಾ ನಿಲ್ಲುತ್ತಾನಂತೆ. ಮೇಲೆ ಹಕ್ಕಿ ಯಾವ ಕಡೆ ತಿರುಗಿತು ನೋಡುತ್ತಾನೆ. ಕೈ ಎತ್ತಿದರೆ ಎಳೆಯಬೇಕು, ಇಳಿಸಿದರೆ ನಿಲ್ಲಬೇಕು. ಹುಡುಗರು ಅವಸರ ಮಾಡಿದರೆ ತಿರುಗಿ ನೋಡುತ್ತಾನೆ, ಅಷ್ಟೇ. ಅಜ್ಜ ಆ ನೋಟವನ್ನು ನನಗೆ ಮಾಡಿ ತೋರಿಸಿದರು. ಕುರ್ಚಿಯಲ್ಲಿ ಕೂತವನು ನೆಟ್ಟಗಾದೆ.

ಹಾಗಾಗಿ ಹೊಸ ತಾಂಡೇಲನಿಗೆ ಮಾತು ಎಂಟೇ, ಎಂಟೂ ಕೊಂಕಣಿಯಲ್ಲಿ, ಅಜ್ಜನದೇ ಧ್ವನಿ. ಅವರನ್ನು ಕೇಳಿ, ಬರೆದು ಸಹಿ ಹಾಕಿಸಿಕೊಂಡೇ ತೆಗೆದುಕೊಂಡಿದ್ದೇನೆ. ನಿಯಮ ನಾಲ್ಕು. ಹಕ್ಕಿ ತಿರುಗುವವರೆಗೆ ನೀವು ಎಷ್ಟು ಬಟನ್ ಒತ್ತಿದರೂ ಅವನು ಕೈ ಎತ್ತುವುದಿಲ್ಲ. ಮೂರನೇ ಸಲ ಒತ್ತಿದರೆ ತಿರುಗಿ ನೋಡುತ್ತಾನೆ. ಎಲ್ಲವೂ ನಿಮ್ಮ ಯಂತ್ರದೊಳಗೇ ಇರುತ್ತದೆ, ಘಟ್ಟದ ಮೇಲಿನವರೇ, ಆಷಾಢದಲ್ಲೂ ಆಡಿ. 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯಿತು, ಚಿಪ್ಪು ರಿಪೇರಿಯವರ ಅಂಗಡಿಗೆ ಶನಿವಾರ ತರುತ್ತೇನೆ, ಇನ್ನೂ ಹಳೆಯದರ ಮೇಲೆ ಹಾಕಿ ನೋಡೋಣ.

ಪುಶ್ ತಮ್ಮಾ, ನೀನೇ ಮೊದಲು ಆಡಬೇಕು. ನಿನಗೆ ಬೇಜಾರು ಬಂದ ಕ್ಷಣ ಯಾವುದು ಎಂದು ಮುಲಾಜಿಲ್ಲದೇ ಬರೆ.

ಕುಮಟೆಯ ಅಕ್ಕಾ, ಚಿತ್ರ ಈಗಿರುವುದು ನಾನೇ ಗೀಚಿದ ಕಡ್ಡಿ ಮನುಷ್ಯರು. ಹೆಚ್ಚು ಕೊಡಲು ನನ್ನಲ್ಲಿಲ್ಲ, ಆದರೆ ಪುಕ್ಕಟೆ ಕೇಳುವುದಿಲ್ಲ. ಊರಿಗೆ ಬಂದಾಗ ಅಜ್ಜನ ಮನೆಗೆ ಹೋಗೋಣ, ಅವರು ಸೊಂಟಕ್ಕೆ ಹಗ್ಗ ಹೇಗೆ ಸಿಕ್ಕಿಸಿಕೊಳ್ಳುತ್ತಿದ್ದರು ಎಂಬುದನ್ನು ನೀವು ಕಣ್ಣಾರೆ ನೋಡಿ ಬಿಡಿಸಬೇಕು.

ಕುಮಟೆಯಿಂದ ಬೆಂಗಳೂರಿಗೆ

ಮುಂದಿನ ವಾರ ಹಬ್ಬಕ್ಕೆ ಊರಿಗೆ ಬರುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಕಾರವಾರದ ಬಸ್ ಹತ್ತುತ್ತೇನೆ. ಅಜ್ಜನಿಗೆ ಹೇಳಿಡಿ.